ಮೂರು ಲಾಟು, ಒಂದು ಹಳೆಯ ರೈಫಲ್

ಟಾರ್ಗೆಟ್ ಹಾಳೆಯಲ್ಲಿ ಹತ್ತು ತೂತುಗಳಿದ್ದವು. ಅವುಗಳಲ್ಲಿ ಆರು, ಕಪ್ಪು ವೃತ್ತದ ನಡುವೆ, ಅಂಗೈಯಲ್ಲಿ ಮುಚ್ಚಬಹುದಾದಷ್ಟು ಹತ್ತಿರ ಇದ್ದವು. ಉಳಿದ ನಾಲ್ಕು ಅವುಗಳಿಗಿಂತ ನಾಲ್ಕು ಬೆರಳು ಕೆಳಗೆ ಬೇರೆಯೇ ಒಂದು ಗುಂಪಾಗಿ ಕೂತಿದ್ದವು. ನಮ್ಮ ಶೂಟಿಂಗ್ ತಂಡದ ಉಸ್ತುವಾರಿ ಹೊತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು.

“ನೋಡ್ರೀ, ಆಯಮ್ಮ ಹೆದರ್ತಾರೆ. ಟ್ರಿಗರ್ ಎಳೆಯೋ ಹೊತ್ತಿಗೆ ಕೈ ಕೆಳಗೆ ಜಗ್ಗುತ್ತೆ. ನೂರು ಗಜದಲ್ಲೇ ಹಿಂಗಾದ್ರೆ ಮುನ್ನೂರು ಗಜದಲ್ಲಿ ಏನ್ ಗತಿ? ಸ್ಪರ್ಧೆಗೆ ಮೂರು ವಾರ ಉಳಿದಿದೆ. ಬೇರೆಯವ್ರನ್ನ ಹಾಕ್ಕೊಳ್ಳೋಣ.”

ನಾನು ಪೊಲೀಸ್ ಮೀಸಲು ಪಡೆಯ ಒಂದು ಘಟಕದಲ್ಲಿ ಆರ್ಮರರ್. ಬಂದೂಕುಗಳನ್ನು ಬಿಚ್ಚುವುದು, ಒರೆಸುವುದು, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದು ನನ್ನ ಕೆಲಸ. ಆಯುಧಗಳನ್ನು ಇಡುವ ಕೋಣೆಗೆ ನಾವು ಕೋತ್ ಎನ್ನುತ್ತೇವೆ. ಆ ಕೋತಿನ ಹಳೆಯ ಸಾಲಿನಲ್ಲಿ ನಿಂತಿದ್ದ ಒಂದು ಎಸ್‌ಎಲ್‌ಆರ್ ರೈಫಲ್ಲನ್ನು ಆ ಹಾಳೆಗೆ ಗುಂಡು ಹಾರಿಸಿದಾಕೆಗೆ ಕೊಟ್ಟಿದ್ದೆವು. ಮರದ ಹಿಡಿ, ಉದ್ದನೆಯ ನಳಿಗೆ, ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಕಿರಿಯದು ಅಷ್ಟೆ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುತ್ತದೆ. ಗುಂಡಿನ ಹಿಂದೆ ನುಗ್ಗುವ ಗ್ಯಾಸಿನಲ್ಲಿ ಒಂದು ಪಾಲನ್ನು ಬಳಸಿಕೊಂಡು ರೈಫಲ್ ತಾನೇ ಖಾಲಿ ಕವಚವನ್ನು ಆಚೆಗೆ ಎಸೆದು, ಮುಂದಿನ ಕಾಡತೂಸನ್ನು ಒಳಗೆ ತಳ್ಳಿಕೊಳ್ಳುತ್ತದೆ. ಹೊಸ ರೈಫಲ್ಲುಗಳು ಬಂದ ಮೇಲೆ ಇವು ಹೆಚ್ಚಾಗಿ ಕಾವಲಿಗೂ ಅಭ್ಯಾಸಕ್ಕೂ ಉಳಿದುಕೊಂಡಿವೆ. ಆದರೆ ಆ ವರ್ಷದ ಇಲಾಖೆಯ ಶೂಟಿಂಗ್ ಸ್ಪರ್ಧೆಯಲ್ಲಿ ಹಳೆಯ ರೈಫಲ್ಲುಗಳಿಗೆಂದೇ ಒಂದು ವಿಭಾಗವಿತ್ತು. ಕಾಡತೂಸುಗಳನ್ನು ಆಯಾ ತಂಡದವರೇ ತರಬೇಕಿತ್ತು.

ಆಕೆ ದೊಡ್ಡಬೆಳವಂಗಲದ ಕಡೆಯ ರೈತರ ಮನೆಯ ಹೆಣ್ಣುಮಗಳು, ಕಾನ್‌ಸ್ಟೇಬಲ್. ಮದುವೆಯಾಗಿ ಎರಡು ಮಕ್ಕಳು. ಹಿಂದೆ ಎರಡು ಸಲ ತಂಡದ ಜೊತೆ ಸ್ಪರ್ಧೆಗೆ ಹೋಗಿದ್ದಳು, ಎರಡು ಸಲವೂ ಹೆಚ್ಚುವರಿ ಆಟಗಾರ್ತಿಯಾಗಿ. ಅಂದರೆ ಬೇರೆಯವರ ಅಂಕ ಬರೆದುಕೊಂಡು, ನೀರಿನ ಕ್ಯಾನು ಹೊತ್ತು, ಒಂದೇ ಒಂದು ಗುಂಡನ್ನೂ ಹಾರಿಸದೆ ವಾಪಸು ಬಂದಿದ್ದಳು. ಈ ಸಲ ಮೊದಲ ಬಾರಿಗೆ ನಾಲ್ವರ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಆ ಹೆಸರನ್ನು ಹೊಡೆದುಹಾಕುವ ಮಾತು ಈಗ ಬಂದಿತ್ತು.

ಸಾಹೇಬರು ಜೀಪಿನ ಕಡೆ ಹೋದ ಮೇಲೆ ಆಕೆಯನ್ನು ಕರೆದು ಹಾಳೆ ತೋರಿಸಿದೆ.

“ಈ ನಾಲ್ಕು ಕೆಳಗೆ ಹೋಗಿದ್ದು ನಿಂಗೆ ಗೊತ್ತಾಯ್ತೇನಮ್ಮಾ?”

“ಇಲ್ಲ ಸರ್. ನಂಗೆ ಗೊತ್ತಾಗಿದ್ದು ಒಂದೇ ತಪ್ಪು. ಮೂರನೇದು. ಉಸಿರು ಬಿಡೋದು ಸ್ವಲ್ಪ ಲೇಟಾಯ್ತು. ಅದು ಬಲಕ್ಕೆ ಹೋಗಿರ್ಬೇಕು, ಎರಡು ಬೆರಳಷ್ಟು.”

ಮತ್ತೆ ಹಾಳೆ ನೋಡಿದೆ. ಮೇಲಿನ ಆರರಲ್ಲಿ ಐದು ಒಟ್ಟಿಗಿದ್ದವು. ಒಂದು ಮಾತ್ರ ಬಲಕ್ಕೆ ಸರಿದಿತ್ತು. ನೋಡುವುದಕ್ಕೆ ಸರಿಯಾಗಿ ಎರಡು ಬೆರಳು.

ಗುಂಡು ಹಾರಿದ ಆ ಕ್ಷಣದಲ್ಲಿ ಗುರಿ ಎಲ್ಲಿತ್ತು ಎಂಬುದನ್ನು ಟಾರ್ಗೆಟ್ ನೋಡದೆಯೇ ಹೇಳುವುದನ್ನು ಶೂಟರ್‌ಗಳು ಕಾಲ್ ಎನ್ನುತ್ತಾರೆ. ಕಾಲ್ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ನಿಜ ಹೇಳುವವರು ಕಡಿಮೆ. ಹೆಚ್ಚಿನವರು ತಮ್ಮ ಆಸೆಯನ್ನು ಹೇಳುತ್ತಾರೆ. ಎಲ್ಲಿ ಕಲಿತೆ ಎಂದು ಕೇಳಿದೆ.

“ಎರಡು ವರ್ಷ ಬೇರೆಯವ್ರು ಹೊಡೆದಿದ್ದು ಬರ್ಕೊಂಡೆ ಅಲ್ವಾ ಸರ್? ಅವ್ರು ಹೊಡೆದ ತಕ್ಷಣ ಅವ್ರ ಭುಜ ನೋಡಿ, ಎಲ್ಲಿ ಹೋಯ್ತು ಅಂತ ಮನಸ್ಸಲ್ಲೇ ಹೇಳ್ಕೋತಿದ್ದೆ. ಆಮೇಲೆ ಟಾರ್ಗೆಟ್ ನೋಡ್ತಿದ್ದೆ. ಹಂಗೇ ಅಭ್ಯಾಸ ಆಗೋಯ್ತು.”

ಹೆದರಿಕೆಯಿಂದ ಕೈ ಜಗ್ಗುವವರಿಗೆ ಮೂರನೆಯ ಗುಂಡು ಎರಡು ಬೆರಳು ಬಲಕ್ಕೆ ಹೋಯಿತು ಎಂಬುದು ತಿಳಿಯುವುದಿಲ್ಲ. ತಪ್ಪು ರೈಫಲ್ಲಿನದು ಎಂದು ತೀರ್ಮಾನಿಸಿದೆ. ಸಾಹೇಬರಿಂದ ಒಂದು ವಾರ ಕೇಳಿ ಪಡೆದೆ.

ಎರಡು ದಿನ ರೈಫಲ್ಲನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂತೆ. ನಳಿಗೆಯ ಒಳಮೈ ವಯಸ್ಸಿಗೆ ಹೋಲಿಸಿದರೆ ಚೆನ್ನಾಗಿತ್ತು. ಬಾಯಿಯ ಹತ್ತಿರ ಸವೆತವಿರಲಿಲ್ಲ. ಗ್ಯಾಸಿನ ಕೊಳವೆ, ಪಿಸ್ಟನ್, ಸ್ಪ್ರಿಂಗ್ ಎಲ್ಲವನ್ನೂ ಒರೆಸಿ ಅಳೆದೆ. ಕೊನೆಗೆ ಮುಂದಿನ ಗುರಿಕಡ್ಡಿಯನ್ನು ಬೆರಳಲ್ಲಿ ಅಲುಗಿಸಿದಾಗ ಕೂದಲೆಳೆಯಷ್ಟು ಸಡಿಲ ಸಿಕ್ಕಿತು. ಸಿಕ್ಕಿಬಿಟ್ಟಿತು ಎಂದು ಹಿಗ್ಗಿದೆ. ಕಡ್ಡಿ ಬದಲಿಸಿ, ತಿರುಪು ಬಿಗಿದು, ಮೂರನೆಯ ದಿನ ಬೆಳಿಗ್ಗೆ ರೇಂಜಿಗೆ ಹೋದೆವು. ನಮ್ಮ ರೇಂಜ್ ನೆಲಮಂಗಲದ ಆಚೆ ಒಂದು ಕಲ್ಲುಗುಡ್ಡದ ಮಗ್ಗುಲಲ್ಲಿದೆ. ಎದುರಿಗೆ ಮಣ್ಣಿನ ದಿಣ್ಣೆ, ಅದರ ಹಿಂದೆ ಬಂಡೆ.

ಹತ್ತು ಗುಂಡು ಹಾರಿಸಿದಳು. ಏಳು ಮೇಲೆ, ಮೂರು ಕೆಳಗೆ.

ನನಗೆ ಮುಖ ತೋರಿಸಲು ನಾಚಿಕೆಯಾಯಿತು. ಆಕೆ ಮಂಡಿಯೂರಿ ಖಾಲಿ ಕವಚಗಳನ್ನು ಹೆಕ್ಕತೊಡಗಿದಳು. ಎಷ್ಟು ಗುಂಡು ಹಾರಿಸಿದ್ದೇವೋ ಅಷ್ಟೂ ಖಾಲಿ ಕವಚಗಳನ್ನು ಕೋತ್‌ಗೆ ಹಿಂತಿರುಗಿಸಬೇಕು, ಒಂದು ಕಡಿಮೆಯಾದರೂ ಹುಲ್ಲು ಕಿತ್ತು ಹುಡುಕಬೇಕು. ಒಂಬತ್ತು ಸಿಕ್ಕಿದವು. ಹತ್ತನೆಯದಕ್ಕೆ ನಾವಿಬ್ಬರೂ ಬಗ್ಗಿ ಹುಡುಕುತ್ತಿದ್ದಾಗ ಆಕೆ ಅಂದಳು:

“ಸರ್, ಇವು ಒಂದೇ ಕಡೆ ಬೀಳಲ್ಲ. ಕೆಲವು ಅಷ್ಟು ದೂರ ಹೋಗ್ತವೆ, ಕೆಲವು ನನ್ನ ಮೊಣಕೈ ಹತ್ರಾನೇ ಬೀಳ್ತವೆ. ಮೊನ್ನೇನೂ ಹಂಗೇ ಆಯ್ತು.”

ಬಗ್ಗಿದವನು ಹಾಗೇ ನಿಂತೆ. ಕವಚ ದೂರ ಬೀಳುವುದು ಗ್ಯಾಸಿನ ಒತ್ತಡದಿಂದ. ಒತ್ತಡ ಕಡಿಮೆಯಾದರೆ ಕವಚವೂ ಹತ್ತಿರ ಬೀಳುತ್ತದೆ, ಗುಂಡೂ ವೇಗ ಸಾಲದೆ ಕೆಳಗಿಳಿಯುತ್ತದೆ. ಒಂದೇ ರೈಫಲ್, ಒಂದೇ ಸೆಟ್ಟಿಂಗ್. ಒತ್ತಡ ಬೇರೆ ಬೇರೆಯಾಗುತ್ತಿದೆ ಎಂದರೆ ಕಾಡತೂಸೇ ಬೇರೆ ಬೇರೆ ಎಂದಾಯಿತು. ಕೈಯಲ್ಲಿದ್ದ ಒಂಬತ್ತು ಕವಚಗಳನ್ನು ತಿರುಗಿಸಿ ತಳ ನೋಡಿದೆ. ಕಾರ್ಖಾನೆಯವರು ಅಲ್ಲಿ ತಯಾರಿಕೆಯ ಗುರುತು ಒತ್ತಿರುತ್ತಾರೆ. ಒಂಬತ್ತರಲ್ಲಿ ಮೂರು ಬಗೆಯ ಗುರುತುಗಳಿದ್ದವು.

ಕಾಡತೂಸು ಅಂದರೆ ನಾಲ್ಕು ವಸ್ತು: ಹಿತ್ತಾಳೆಯ ಕವಚ, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಕ್ಯಾಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಬೇರೆ ದೇಶಗಳಲ್ಲಿ ಹವ್ಯಾಸಿಗಳು ಈ ನಾಲ್ಕನ್ನೂ ಬೇರೆ ಬೇರೆ ಕೊಂಡು, ತಮ್ಮ ರೈಫಲ್ಲಿಗೆ ಯಾವುದು ಒಗ್ಗುತ್ತದೆ ಎಂದು ನೋಡಿ ಕೈಯಾರೆ ತುಂಬಿಕೊಳ್ಳುತ್ತಾರಂತೆ. ನಮಗೆ ಅದು ಸಲ್ಲದು. ಮೇಲಿನಿಂದ ಬಂದ ಡಬ್ಬ ತೆಗೆಯಬೇಕು, ಹಾರಿಸಬೇಕು. ಆದರೂ ಒಂದು ಆಯ್ಕೆ ನಮ್ಮ ಕೈಯಲ್ಲೂ ಇರುತ್ತದೆ. ಒಂದೇ ಸಲಕ್ಕೆ ಒಂದೇ ಮದ್ದು, ಒಂದೇ ಹಿತ್ತಾಳೆ ಹಾಕಿ ಮಾಡಿದ ರಾಶಿಗೆ ಲಾಟು ಎನ್ನುತ್ತಾರೆ. ಲಾಟಿನಿಂದ ಲಾಟಿಗೆ ಸ್ವಭಾವ ಬದಲಾಗುತ್ತದೆ. ಅಭ್ಯಾಸಕ್ಕೆಂದು ನಾನು ಕೊಡುತ್ತಿದ್ದುದು ವರ್ಷ ವರ್ಷದ ಅಭ್ಯಾಸದಲ್ಲಿ ಉಳಿದ ಚಿಲ್ಲರೆಯನ್ನೆಲ್ಲ ಸುರಿದಿಟ್ಟ ಒಂದು ಪೆಟ್ಟಿಗೆಯಿಂದ. ಸುರಿದವನು ನಾನೇ. ಆಕೆಯ ಹೆಸರು ಪಟ್ಟಿಯಿಂದ ಹೋಗುವುದರಲ್ಲಿ ನನ್ನ ಕೈಯೂ ಇತ್ತು.

ಹತ್ತನೆಯ ಕವಚವನ್ನೂ ಹುಡುಕಿ ಒಪ್ಪಿಸಿ, ಅಂದು ಮಧ್ಯಾಹ್ನ ಕೋತಿನಲ್ಲಿ ಮೂರು ಲಾಟುಗಳನ್ನೂ ಬೇರೆ ಮಾಡಿದೆ. ಒಂದು ತೀರಾ ಹಳೆಯದು, ಹಿತ್ತಾಳೆ ಕಂದು ತಿರುಗಿತ್ತು. ಇನ್ನೊಂದು ನಡುವಿನ ವರ್ಷಗಳದು. ಮೂರನೆಯದು ಎಲ್ಲಕ್ಕಿಂತ ಹೊಸದು, ಹೊಳೆಯುತ್ತಿತ್ತು. ಪ್ರತಿಯೊಂದರಿಂದ ಹದಿನೈದು ತೆಗೆದು, ತಳದಲ್ಲಿ ಮಾರ್ಕರ್ ಪೆನ್ನಿನಿಂದ ಒಂದರಿಂದ ನಲವತ್ತೈದರವರೆಗೆ ಅಂಕಿ ಬರೆದೆ. ಯಾವ ಅಂಕಿ ಯಾವ ಲಾಟು ಎಂಬುದು ನನ್ನ ಪುಸ್ತಕದಲ್ಲಿ ಮಾತ್ರ ಇತ್ತು. ಮರುದಿನ ರೇಂಜಿನಲ್ಲಿ ಅವನ್ನು ಕಲಸಿ ಮ್ಯಾಗಜೀನ್‌ಗಳಿಗೆ ತುಂಬಿ, ಮೇಲಿಂದ ಕೆಳಗೆ ಯಾವ ಅಂಕಿ ಯಾವ ಸರದಿ ಎಂದು ಬರೆದುಕೊಂಡೆ. ಸಾಹೇಬರನ್ನೂ ಕರೆದಿದ್ದೆ. ಅವರು ಹಿಂದೆ ಕುರ್ಚಿ ಹಾಕಿಕೊಂಡು ಕೂತರು.

ಆಕೆ ಮಲಗಿ ಒಂದೊಂದಾಗಿ ಹಾರಿಸಿದಳು. ಪ್ರತಿ ಗುಂಡು ಹಾರಿದ ಕೂಡಲೇ ಮೊದಲು ಆಕೆಯ ಕಾಲ್ ಬರೆದುಕೊಳ್ಳುತ್ತಿದ್ದೆ. ಆಮೇಲೆ ಟಾರ್ಗೆಟ್ ಬಳಿಯ ಹಳ್ಳದಲ್ಲಿ ಕೂತವರು ಉದ್ದ ಕೋಲಿನಿಂದ ತೂತು ತೋರಿಸುತ್ತಿದ್ದರು.

“ನಡುವೆ.”

“ನಡುವೆ. ಸ್ವಲ್ಪ ಎಡ.”

“ಇದು ನಂದೇ ತಪ್ಪು. ಮೇಲೆ, ಒಂದು ಬೆರಳು.”

ಅದೇ ದನಿ, ಅದೇ ನಿಧಾನ. ಬಿಸಿಲೇರಿ ಕುತ್ತಿಗೆಯ ಬೆವರು ಕಾಲರಿಗೆ ಇಳಿಯುತ್ತಿತ್ತು. ತಲೆಯ ಮೇಲೆ ದೇವನಹಳ್ಳಿಯಿಂದ ಏರಿದ ವಿಮಾನಗಳು ಹೋಗುತ್ತಿದ್ದವು. ಸದ್ದು ಕಡಿಮೆಯಾಗುವವರೆಗೆ ಆಕೆ ಬೆರಳನ್ನು ಟ್ರಿಗರಿನಿಂದ ಆಚೆ ಇಟ್ಟು ಕಾಯುತ್ತಿದ್ದಳು. ನಲವತ್ತೈದು ಗುಂಡು ಮುಗಿಯುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ನಡುವೆ ಒಮ್ಮೆಯೂ ಹೇಗಿದೆ ಎಂದು ಕೇಳಲಿಲ್ಲ.

ಮುಗಿದ ಮೇಲೆ ಖಾಲಿ ಕವಚಗಳನ್ನು ಎತ್ತದೆ, ಅವು ಬಿದ್ದ ಜಾಗದಲ್ಲೇ ಒಂದೊಂದು ಬೆಣಚುಕಲ್ಲು ಇಟ್ಟು ಅಂಕಿ ಓದುತ್ತಾ ಹೋದೆ. ಸಾಹೇಬರು ಕುರ್ಚಿಯಿಂದ ಎದ್ದು ಬಂದು ನನ್ನ ಪುಸ್ತಕ ಹಿಡಿದುಕೊಂಡರು. ದೂರ ಬಿದ್ದವು ಎಲ್ಲವೂ ಹಳೆಯ ಮತ್ತು ನಡುವಿನ ಲಾಟಿನವು. ಆಕೆಯ ಮೊಣಕೈ ಬಳಿ ಬಿದ್ದವು ಹೆಚ್ಚುಕಡಿಮೆ ಎಲ್ಲವೂ ಹೊಳೆಯುವ ಹೊಸ ಲಾಟಿನವು. ಹಾಳೆಗಳಲ್ಲೂ ಅದೇ ಕತೆ. ಆಕೆ “ನಡುವೆ” ಎಂದಾಗ ಕೆಳಗೆ ಬಿದ್ದ ಗುಂಡುಗಳೆಲ್ಲ ಅದೇ ಲಾಟಿನವು. ಉಳಿದ ಮೂವತ್ತು ಗುಂಡುಗಳಲ್ಲಿ ಆಕೆಯ ಮಾತಿಗೂ ತೂತಿಗೂ ವ್ಯತ್ಯಾಸ ಬಂದದ್ದು ಎರಡೇ ಸಲ.

ಸಾಹೇಬರು ಪುಸ್ತಕವನ್ನು ಎರಡು ಸಲ ಮೇಲಿಂದ ಕೆಳಗೆ ಓದಿದರು. ಆಮೇಲೆ ಆಕೆಯ ಹತ್ತಿರ ಹೋದರು.

“ನಾನು ತಪ್ಪು ತಿಳ್ಕೊಂಡಿದ್ದೆ ಕಣಮ್ಮಾ,” ಅಂದರು. ನಮ್ಮ ಇಲಾಖೆಯಲ್ಲಿ ಮೇಲಿನವರ ಬಾಯಲ್ಲಿ ಆ ಮಾತನ್ನು ನಾನು ಹೆಚ್ಚು ಸಲ ಕೇಳಿಲ್ಲ.

ಹೊಸ ಲಾಟು ಯಾಕೆ ಹಾಗಾಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಸಾಗಣೆಯಲ್ಲೋ ದಾಸ್ತಾನಿನಲ್ಲೋ ಏನಾಗಿತ್ತೋ. ವರದಿ ಬರೆದು, ಆ ಲಾಟನ್ನು ಬೇರೆ ಇಟ್ಟು ಬೀಗ ಹಾಕಿದೆ.

ಈಗ ಎರಡು ಲಾಟು ಉಳಿದವು. ಹಳೆಯದು ನನ್ನ ಮನಸ್ಸನ್ನು ಕದ್ದುಬಿಟ್ಟಿತ್ತು. ಅದರ ಐದು ಗುಂಡುಗಳು ನೂರು ಗಜದಲ್ಲಿ ಒಂದು ಬೆಂಕಿಪೊಟ್ಟಣದ ಅಗಲದಲ್ಲಿ ಕೂರುತ್ತಿದ್ದವು. ಈ ಜಾತಿಯ ರೈಫಲ್ಲಿನಲ್ಲಿ ಅಂಥದ್ದನ್ನು ನನ್ನ ಸರ್ವಿಸಿನಲ್ಲಿ ನಾನು ಕಂಡಿರಲಿಲ್ಲ. ರೈಫಲ್ಲಿಗೂ ಆ ಲಾಟಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಒಂದನ್ನೊಂದು ನೋಡಿಕೊಂಡೇ ಮಾಡಿದಂತಿದ್ದವು. ನಡುವಿನ ಲಾಟು ಅಂಗೈ ಅಗಲದಲ್ಲಿ ಹರಡುತ್ತಿತ್ತು. ಕೆಟ್ಟದ್ದೇನಲ್ಲ, ಆದರೆ ಹಳೆಯದನ್ನು ಕಂಡ ಕಣ್ಣಿಗೆ ಅದು ಹಿಡಿಸಲಿಲ್ಲ. ಹಳೆಯ ಲಾಟಿನ ಸೀಲು ಒಡೆಯದ ಪೆಟ್ಟಿಗೆ ಒಂದೇ ಇತ್ತು. ಅದನ್ನು ಸ್ಪರ್ಧೆಗೆ ಎತ್ತಿಟ್ಟುಕೊಳ್ಳಲು ಸಾಹೇಬರನ್ನು ಒಪ್ಪಿಸಿದೆ.

ಮುಂದಿನ ಅಭ್ಯಾಸದಲ್ಲಿ, ಆ ಲಾಟಿನಿಂದ ಬಿಡಿಯಾಗಿ ಉಳಿದಿದ್ದವನ್ನು ಹಾರಿಸುವಾಗ ಏಳನೆಯದಕ್ಕೆ ಟಕ್ ಎಂದಿತು, ಗುಂಡು ಹಾರಲಿಲ್ಲ. ಆಕೆ ನಳಿಗೆಯನ್ನು ದಿಣ್ಣೆಯ ಕಡೆಗೇ ಹಿಡಿದು ಅಲುಗಾಡದೆ ಮಲಗಿದ್ದಳು. ತಡವಾಗಿ ಹೊತ್ತಿಕೊಳ್ಳುವ ಅಪಾಯವಿರುತ್ತದೆ, ಅವಸರದಲ್ಲಿ ಬೋಲ್ಟ್ ಎಳೆಯಬಾರದು. ಸಾಕಷ್ಟು ಹೊತ್ತು ಕಾದು, ನಾನು ಹೇಳಿದ ಮೇಲೆ ಹೊರತೆಗೆದಳು. ಕ್ಯಾಪಿನ ಮೇಲೆ ರೈಫಲ್ಲಿನ ಪಿನ್ನು ಬಡಿದ ತಗ್ಗು ಸರಿಯಾಗಿಯೇ ಬಿದ್ದಿತ್ತು. ರೈಫಲ್ ತನ್ನ ಕೆಲಸ ಮಾಡಿತ್ತು, ಕ್ಯಾಪು ಮಾಡಿರಲಿಲ್ಲ. ಇನ್ನೊಂದು ಮ್ಯಾಗಜೀನ್ ಕೊಟ್ಟೆ. ಅದರಲ್ಲೂ ಒಂದು ಹಾಗೇ ಆಯಿತು.

“ಎರಡೇ ಅಲ್ವಾ,” ಅಂದೆ ನಾನು. “ಇವು ಡಬ್ಬ ಒಡೆದು ಗಾಳಿಗೆ ಬಿದ್ದಿದ್ವು. ಸೀಲು ಇರೋ ಪೆಟ್ಟಿಗೇಲಿ ಹಂಗಾಗ್ಲಿಕ್ಕಿಲ್ಲ.”

ಆಕೆ ಎದ್ದು ಕೂತು, ರೈಫಲ್ ಅಲುಗದಿರಲೆಂದು ತೋಳಿಗೆ ಸುತ್ತಿಕೊಂಡಿದ್ದ ಪಟ್ಟಿ ಸಡಿಲಿಸಿಕೊಂಡಳು.

“ಆಗಲ್ಲ ಅಂತ ಹೇಳ್ತೀರಾ ಸರ್?”

“ಹೇಳಕ್ಕಾಗಲ್ಲಮ್ಮ.”

“ನೂರರಲ್ಲಿ ಎಷ್ಟಾಗ್ಬೋದು?”

“ಅದೂ ಹೇಳಕ್ಕಾಗಲ್ಲ.”

“ಹಂಗಾದ್ರೆ ಇದು ಬೇಡ ಸರ್. ಇದು ಚೆನ್ನಾಗಿದೆ, ಇಷ್ಟು ಚೆಂದಾಗಿ ನಾನು ಯಾವತ್ತೂ ಹೊಡೆದಿಲ್ಲ. ಆದ್ರೆ ಇನ್ನೂರು ಗಜದ ರ‍್ಯಾಪಿಡ್ಡಲ್ಲಿ ಒಂದು ಟಕ್ ಅಂದ್ರೆ ಮುಗೀತು. ಅದಕ್ಕಿಂತ ಕೆಟ್ಟದ್ದು, ಪ್ರತಿ ಸಲ ಟ್ರಿಗರ್ ಎಳೆಯೋವಾಗ ಇದು ಹಾರುತ್ತೋ ಇಲ್ವೋ ಅಂತ ಯೋಚನೆ ಬರುತ್ತೆ. ಆಗ ನಿಜವಾಗ್ಲೂ ಕೈ ಜಗ್ಗುತ್ತೆ. ಆ ನಡುವಿಂದೇ ಕೊಡಿ. ಅದು ಹೆಂಗಿದೆಯೋ ಹಂಗೇ ಇರುತ್ತೆ. ನಾನು ಅದಕ್ಕೆ ಹೊಂದ್ಕೋತೀನಿ.”

ನನಗೆ ಬೇಸರವಾಯಿತು. ಬೆಂಕಿಪೊಟ್ಟಣದಗಲದ ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದವನು ನಾನು. ಬೇಸರದ ಅಡಿಯಲ್ಲಿ ಇನ್ನೊಂದು ಮಾತೂ ತಿಳಿಯಿತು. ನಾನು ಕಾಡತೂಸನ್ನು ಆರಿಸುತ್ತಿದ್ದುದು ರೈಫಲ್ಲಿಗಾಗಿ. ಆಕೆ ಆರಿಸಿದ್ದು ಸ್ಪರ್ಧೆಗಾಗಿ. ಸರ್ವಿಸು ನನ್ನದು ಹೆಚ್ಚು, ಬುದ್ಧಿ ಆಕೆಯದು ಹೆಚ್ಚು. ಸರಿ ಅಂದೆ.

ಇನ್ನು ಹತ್ತು ದಿನ. ನಡುವಿನ ಲಾಟಿನಲ್ಲಿ ಮುನ್ನೂರು ಚಿಲ್ಲರೆ ಕಾಡತೂಸುಗಳಿದ್ದವು. ತುಂಬುವುದು ನಮ್ಮ ಕೈಯಲ್ಲಿಲ್ಲ, ಆರಿಸುವುದು ಇದೆಯಲ್ಲ. ಮೊದಲು ಬರಿಗಣ್ಣಿನಲ್ಲಿ ನೋಡಿ, ಕವಚದಲ್ಲಿ ತಗ್ಗು ಬಿದ್ದವನ್ನು, ಕ್ಯಾಪು ಒಂದಿಷ್ಟು ಮೇಲೆದ್ದವನ್ನು ತೆಗೆದೆ. ಆಮೇಲೆ ಒಂದು ಗಾಜಿನ ಹಲಗೆಯ ಮೇಲೆ ಒಂದೊಂದನ್ನೂ ಉರುಳಿಸಿದೆ. ಗುಂಡು ಕವಚದ ಬಾಯಲ್ಲಿ ನೆಟ್ಟಗೆ ಕೂತಿದ್ದರೆ ಅದರ ತುದಿ ಸ್ಥಿರವಾಗಿ ಉರುಳುತ್ತದೆ. ಓರೆಯಾಗಿದ್ದರೆ ಕುಂಟುತ್ತದೆ. ಕುಂಟಿದವು ಅರುವತ್ತರಷ್ಟು ಸಿಕ್ಕಿದವು. ಮೂರನೆಯದು ತೂಕ. ಅದಕ್ಕೆ ನಮ್ಮಲ್ಲಿ ಸಾಧನವಿರಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ಪರಿಚಯದ ಆಚಾರ್ಯರೊಬ್ಬರು ಚಿನ್ನ ಬೆಳ್ಳಿ ಕೆಲಸ ಮಾಡುತ್ತಾರೆ. ಅವರ ಹತ್ತಿರ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಎರಡು ದಿನಕ್ಕೆ ಬೇಕು ಅಂದೆ.

“ಏನ್ ತೂಗ್ತೀರಾ ಸ್ವಾಮಿ?”

“ಹಿತ್ತಾಳೆ ಸಾಮಾನು,” ಅಂದೆ.

ಅವರು ನನ್ನ ಮುಖ ನೋಡಿದರು, ಹೆಚ್ಚು ಕೇಳಲಿಲ್ಲ. ತಕ್ಕಡಿಯನ್ನು ಡಬ್ಬಕ್ಕೆ ಹಾಕುತ್ತಾ ಹೇಳಿದರು: “ಆನ್ ಮಾಡಿ ಅರ್ಧ ಗಂಟೆ ಬಿಡಿ. ಫ್ಯಾನ್ ಆಫ್ ಮಾಡಿ. ಹತ್ತು ತೂಗಿದ್ಮೇಲೆ ಮೊದಲನೇದನ್ನೇ ಮತ್ತೆ ತೂಗಿ. ಅದೇ ಬಂದ್ರೆ ಮುಂದಕ್ಕೆ ಹೋಗಿ, ಬರದಿದ್ರೆ ಹತ್ತೂ ಮತ್ತೆ ತೂಗಿ. ತೂಕ ಎಷ್ಟು ಅಂತ ಇದು ಹೇಳುತ್ತೆ. ಒಳಗೆ ಎಷ್ಟು ಚಿನ್ನ, ಎಷ್ಟು ತಾಮ್ರ ಅಂತ ಹೇಳಲ್ಲ. ಅದನ್ನ ಮರೀಬೇಡಿ.”

ಅವರಿಗೆ ನನ್ನ ಕೆಲಸ ಗೊತ್ತಿರಲಿಲ್ಲ, ಆದರೆ ಅದರ ತೊಡಕನ್ನು ಸರಿಯಾಗಿ ಹೇಳಿಬಿಟ್ಟಿದ್ದರು. ಒಂದು ಕಾಡತೂಸು ಉಳಿದವಕ್ಕಿಂತ ತೂಕವಾಗಿದ್ದರೆ ಹಿತ್ತಾಳೆ ದಪ್ಪವಿದೆಯೋ, ಮದ್ದು ಹೆಚ್ಚಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ತೀರಾ ಹಗುರ, ತೀರಾ ಭಾರ ಇರುವವನ್ನು ಬಿಟ್ಟು, ನಡುವೆ ದಟ್ಟವಾಗಿ ಸೇರುವವನ್ನು ಮಾತ್ರ ಉಳಿಸಿಕೊಳ್ಳಬೇಕು. ಅದಕ್ಕಿಂತ ಹೆಚ್ಚಿನ ಜಾಣತನ ತೋರಿಸಲು ಹೋಗಬಾರದು.

ಕೋತಿನಲ್ಲಿ ಫ್ಯಾನ್ ಆರಿಸಿ ಎರಡು ಮಧ್ಯಾಹ್ನ ಕೂತೆವು. ಮೊದಲ ದಿನ ಆಕೆ ಏರ್‌ಪೋರ್ಟ್ ರಸ್ತೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಊಟದ ಡಬ್ಬಿ ಹಿಡಿದು ಬಂದಳು. ನಾನು ತೂಗಿದ್ದನ್ನು ಆಕೆ ಬರೆಯುತ್ತಿದ್ದಳು. ಹತ್ತಾದ ಕೂಡಲೇ ಮೊದಲನೆಯದನ್ನು ತಾನೇ ಎತ್ತಿ ಕೊಡುತ್ತಿದ್ದಳು. ಎರಡನೆಯ ದಿನ ಒಂದು ಸಲ ನನಗೆ ಸಾಕಾಗಿ, “ಇರ್ಲಿ ಬಿಡಮ್ಮ, ಇದು ಸರಿಯಾಗೇ ಇದೆ” ಅಂದೆ. ಆಕೆ ಕಾಡತೂಸನ್ನು ಹಿಡಿದ ಕೈಯನ್ನು ಹಾಗೇ ಚಾಚಿಕೊಂಡಿದ್ದಳು. ತೂಗಿದೆ. ವ್ಯತ್ಯಾಸ ಬಂದಿತ್ತು, ಬಾಗಿಲು ಸಂದಿಯ ಗಾಳಿಗೆ. ಹತ್ತನ್ನೂ ಮತ್ತೆ ತೂಗಿದೆವು.

ಕೊನೆಗೆ ನೂರ ಹತ್ತು ಉಳಿದವು. ಅವುಗಳಲ್ಲಿ ಮೂವತ್ತನ್ನು ಹಾರಿಸಿ ನೋಡಿದೆವು. ಅಂಗೈ ಅಗಲವಿದ್ದದ್ದು ಮೂರು ಬೆರಳಿಗೆ ಬಂತು. ಬೆಂಕಿಪೊಟ್ಟಣವಾಗಲಿಲ್ಲ, ಆಗುತ್ತದೆಂದು ನಾನು ಅಂದುಕೊಂಡಿರಲೂ ಇಲ್ಲ. ಆದರೆ ಮೂವತ್ತೂ ಹಾರಿದವು, ಖಾಲಿ ಕವಚಗಳು ಒಂದೇ ಜಾಗದಲ್ಲಿ ಕುಪ್ಪೆಯಾಗಿ ಬಿದ್ದವು. ಮುನ್ನೂರು ಗಜಕ್ಕೆ ಗುರಿ ಹೊಂದಿಸಿಕೊಂಡು, ಆ ರೈಫಲ್ಲನ್ನು ಬೇರೆ ಯಾರ ಕೈಗೂ ಕೊಡದೆ ಇಟ್ಟೆ.

ಸ್ಪರ್ಧೆಯ ದಿನ ಮೋಡವಿತ್ತು, ಗಾಳಿ ಬಿಟ್ಟು ಬಿಟ್ಟು ಬೀಸುತ್ತಿತ್ತು. ಮುನ್ನೂರು ಗಜದ ನಿಧಾನ ಸುತ್ತಿನಲ್ಲಿ ಆಕೆ ಗಾಳಿ ನಿಂತಾಗ ಮಾತ್ರ ಹಾರಿಸಿದಳು. ಉಳಿದವರೆಲ್ಲ ಮುಗಿಸಿ ಎದ್ದ ಮೇಲೂ ಆಕೆಯ ಎರಡು ಗುಂಡು ಬಾಕಿಯಿದ್ದವು. ಸಮಯ ಮುಗಿಯುವ ಮುನ್ನ ಎರಡನ್ನೂ ಹಾರಿಸಿ ಎದ್ದಳು. ಸುತ್ತು ಮುಗಿದಾಗ ಮೊದಲ ಸ್ಥಾನದಲ್ಲಿದ್ದಳು. ಎರಡನೆಯವರಿಗಿಂತ ಎರಡು ಅಂಕ ಮುಂದೆ.

ಇನ್ನೂರು ಗಜದ ರ‍್ಯಾಪಿಡ್ ಸುತ್ತು ಅಂದರೆ ಸಿಳ್ಳೆಯಿಂದ ಸಿಳ್ಳೆಯೊಳಗೆ ಹತ್ತು ಗುಂಡು. ಹಳೆಯ ರೈಫಲ್ ಒಂದು ಸಲವೂ ತಡೆಯಲಿಲ್ಲ. ನಾನು ಹಿಂದೆ ನಿಂತು, ಕವಚಗಳು ಒಂದೇ ಕಮಾನಿನಲ್ಲಿ ಹಾರಿ ಬೀಳುವುದನ್ನೇ ನೋಡುತ್ತಿದ್ದೆ. ಹತ್ತು ಹಾರಿದವು, ಹತ್ತು ಬಿದ್ದವು. ಸಿಳ್ಳೆಗೆ ಮುಂಚೆಯೇ ಮುಗಿಸಿದ್ದಳು.

ಆದರೆ ಅಂಕ ಎಣಿಸುವವರು ಆಕೆಯ ಹಾಳೆಯಲ್ಲಿ ಒಂಬತ್ತೇ ತೂತು ಎಂದರು. ಒಂದು ಗುಂಡು ಟಾರ್ಗೆಟ್ ತಪ್ಪಿದೆ ಎಂದು ಬರೆದರು. ಅಷ್ಟಕ್ಕೇ ಮೊದಲ ಸ್ಥಾನ ಹೋಗುತ್ತಿತ್ತು.

ನಮ್ಮ ಸಾಹೇಬರು ಹಾಳೆಯ ಹತ್ತಿರ ಹೋಗಿ ಬಗ್ಗಿ ನೋಡಿದರು, ನನ್ನನ್ನೂ ಕರೆದರು. ನಡುವಿನ ಒಂದು ತೂತು ಉಳಿದವಕ್ಕಿಂತ ಸ್ವಲ್ಪ ಉದ್ದಕ್ಕೆ ಹರಿದಿತ್ತು. ಎರಡು ಗುಂಡು ಒಂದರ ಮೇಲೊಂದು ಹೋದರೂ ಹಾಗೆ ಆಗುತ್ತದೆ, ಹಾಳೆ ಹರಿದರೂ ಹಾಗೆ ಆಗುತ್ತದೆ.

“ಇದು ಎರಡು ಗುಂಡಿನ ತೂತು ಕಣ್ರೀ,” ಅಂದರು ಸಾಹೇಬರು. “ನಿಮ್ಮ ಪುಸ್ತಕ ಇದೆಯಲ್ಲ, ಲಾಟು, ತೂಕ, ಗ್ರೂಪು ಎಲ್ಲಾ ತೋರಿಸಿ. ಪ್ರೊಟೆಸ್ಟ್ ಹಾಕೋಣ. ಸಂಶಯ ಇದ್ರೆ ಶೂಟರ್ ಕಡೆಗೇ ಕೊಡ್ತಾರೆ.”

ನಾನು ಒಪ್ಪಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ. ಅಷ್ಟು ಜತನದಿಂದ ಆರಿಸಿದ ಕಾಡತೂಸು ಟಾರ್ಗೆಟ್ಟನ್ನೇ ತಪ್ಪುವುದಕ್ಕಿಂತ ಒಂದೇ ತೂತಿನಲ್ಲಿ ಎರಡು ಹೋಗುವುದು ಸಾಧ್ಯ ಎಂದೇ ನಂಬಿದ್ದೆ. ಬ್ಯಾಗಿನಿಂದ ಪುಸ್ತಕ ತೆಗೆದೆ.

ಆಕೆ ರೈಫಲ್ಲನ್ನು ಖಾಲಿ ಮಾಡಿ ತೋರಿಸಿ, ಅಂಪೈರರ ಒಪ್ಪಿಗೆ ಪಡೆದು ನಮ್ಮ ಹತ್ತಿರ ಬಂದಳು. ಸಾಹೇಬರು ವಿಷಯ ಹೇಳಿದರು.

“ಬೇಡ ಸರ್,” ಅಂದಳು.

“ಯಾಕಮ್ಮಾ?”

“ಆರನೇದು ಆಚೆ ಹೋಯ್ತು ಸರ್. ತೋಳಿನ ಪಟ್ಟಿ ಜಾರ್ತು. ಎಡಕ್ಕೆ ಮೇಲೆ, ಹಾಳೆ ಮೂಲೆಯಿಂದಾಚೆಗೆ ಹೋಯ್ತು. ಹಾರೋವಾಗ್ಲೇ ಗೊತ್ತಾಯ್ತು.”

“ಖಾತ್ರಿನಾ?”

“ಹ್ಞೂಂ ಸರ್.”

ಸಾಹೇಬರು ನನ್ನ ಕಡೆ ನೋಡಿದರು. ನಾನು ಪುಸ್ತಕ ಮುಚ್ಚಿದೆ. ನಲವತ್ತೈದು ಗುಂಡಿನ ದಿನ ಆಕೆಯ ಮಾತನ್ನೇ ಅಳತೆಗೋಲು ಮಾಡಿಕೊಂಡು ಒಂದು ಇಡೀ ಲಾಟನ್ನು ತಳ್ಳಿಹಾಕಿದವನು ನಾನು. ಅದೇ ಮಾತು ನನಗೆ ಒಗ್ಗದ ದಿನ ಅದನ್ನು ಪಕ್ಕಕ್ಕಿಡಲು ನನ್ನಿಂದಾಗಲಿಲ್ಲ. ಸಾಹೇಬರು ಪ್ರೊಟೆಸ್ಟ್ ಫಾರಂ ಅನ್ನು ಅರ್ಧಕ್ಕೆ ಮಡಿಸಿ ಜೇಬಿಗೆ ಹಾಕಿಕೊಂಡರು.

ಆಕೆಗೆ ಮೂರನೆಯ ಸ್ಥಾನ ಬಂತು. ತಂಡಕ್ಕೆ ಯಾವ ಸ್ಥಾನವೂ ಬರಲಿಲ್ಲ. ಪದಕ ಕೊಡುವಾಗ ಕ್ಯಾಮೆರಾದವನು ನಗಿ ಎಂದ, ನಕ್ಕಳು.

ಮರುದಿನ ಬೆಳಿಗ್ಗೆ ಆಕೆಗೆ ಘಾಟಿ ಸುಬ್ರಹ್ಮಣ್ಯದಲ್ಲಿ ಬಂದೋಬಸ್ತ್ ಇತ್ತು. ವ್ಯಾನು ಬರುವುದಕ್ಕೆ ಮುಂಚೆ ರೈಫಲ್ಲನ್ನು ವಾಪಸು ಕೊಡಲು ಕೋತ್‌ಗೆ ಬಂದಳು. ನಳಿಗೆ ಒರೆಸಿ, ಎಣ್ಣೆ ಹಚ್ಚಿ ತಂದಿದ್ದಳು. ನಾನು ಮಾಡಲು ಏನೂ ಉಳಿದಿರಲಿಲ್ಲ. ರಿಜಿಸ್ಟರ್ ತಿರುಗಿಸಿ ಮುಂದಿಟ್ಟೆ. ಸಹಿ ಹಾಕುತ್ತಿದ್ದಾಗ ಕೇಳಿಯೇಬಿಟ್ಟೆ.

“ನೀನು ಸುಮ್ನಿದ್ದಿದ್ರೂ ಆಗ್ತಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಪ್ರೊಟೆಸ್ಟ್ ಹಾಕ್ತಿದ್ದಿದ್ದು ನಾವು, ನೀನಲ್ಲ.”

ಆಕೆ ಪೆನ್ನನ್ನು ರಿಜಿಸ್ಟರಿನ ಮಡಿಕೆಯಲ್ಲಿಟ್ಟಳು.

“ಅಷ್ಟು ಕಾಡತೂಸಲ್ಲಿ ಯಾವ್ದು ಸರಿ, ಯಾವ್ದು ಸರಿ ಇಲ್ಲ ಅಂತ ನೀವು ಹೆಂಗೆ ಕಂಡುಹಿಡಿದ್ರಿ ಸರ್? ನಾನು ಹೇಳಿದ್ದನ್ನ ನಂಬಿ ತಾನೇ? ನಿನ್ನೆ ಸುಮ್ನಿದ್ದಿದ್ರೆ, ಮುಂದಿನ ಸಲ ನಾನು ಹೇಳಿದ್ದನ್ನ ನಾನೇ ಹೆಂಗೆ ನಂಬ್ಲಿ?”

ಹೊರಗೆ ವ್ಯಾನಿನ ಹಾರನ್ ಆಯಿತು. ಟೋಪಿ ಸರಿಮಾಡಿಕೊಂಡು ಹೊರಟಳು. ನಾನು ರೈಫಲ್ಲನ್ನು ಎತ್ತಿಕೊಂಡು ಹಳೆಯ ಸಾಲಿನ ಕಡೆ ನಡೆದೆ. ಆಮೇಲೆ ಮನಸ್ಸು ಬದಲಿಸಿ, ಬಾಗಿಲ ಹತ್ತಿರ, ದಿನಬಳಕೆಯ ರೈಫಲ್ಲುಗಳ ಸಾಲಿನಲ್ಲಿ ಆಕೆಯ ಹೆಸರಿನ ಚೀಟಿ ಅಂಟಿಸಿ ನಿಲ್ಲಿಸಿದೆ.